ಪುಟ್ಟಿ ಖಾಲಿ ಎಂದ ದಿನ

ಪುಟ್ಟಿ, ಚಿನ್ನು, ಇದನ್ನು ನಿಮ್ಮಿಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಮನೆಯಲ್ಲಿ ಕರೆಯುವ ಹೆಸರನ್ನೇ ಬರೆದಿದ್ದೇನೆ. ಸ್ಕೂಲಿನ ಹೆಸರು ಬರೆದರೆ ಯಾರದೋ ಮಕ್ಕಳಿಗೆ ಬರೆದಂತೆ ಅನ್ನಿಸುತ್ತದೆ. ನಾಲ್ಕು ಜನ ಕೂತ ಕಡೆ ಬಾಯಿ ಬಿಡುವವಳಲ್ಲ ನಾನು, ಅದು ನಿಮಗೂ ಗೊತ್ತು. ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದರಿಂದ ಬರೆಯಲು ಬರುತ್ತದೆ, ಅಷ್ಟೇ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಸ್ವಲ್ಪ ಸ್ವಲ್ಪ ಬರೆಯುತ್ತೇನೆ. ಹಾಳೆ ಒತ್ತಿ ಹಿಡಿಯಲೂ ಎಡಗೈ ನೋಯುತ್ತದೆ. ಅಕ್ಷರ ಓರೆಯಾಗಿದ್ದರೆ ನಗಬೇಡಿ.

ಚಿನ್ನು, ಕೆಂಗೇರಿ ಉಪನಗರದಲ್ಲಿ ಅಕ್ಕನ ಜಿಮ್ನಾಸ್ಟಿಕ್ಸ್ ನಡೆದ ದಿನ ನಿನಗೆ ಜ್ವರ ಬಂದಿತ್ತು. ನೀನು ಅಪ್ಪನ ಜೊತೆ ಮನೆಯಲ್ಲೇ ಉಳಿದೆ. ನಾವು ಬಂದ ಮೇಲೆ, "ಅಕ್ಕ ಏನ್ ಮಾಡಿದ್ಲು ಅಜ್ಜಿ?" ಎಂದು ಕೇಳಿದೆ. "ಚೆನ್ನಾಗಿ ಮಾಡಿದ್ಲು, ಮಲಕ್ಕೋ" ಎಂದು ನಾನು ಹೇಳಿಬಿಟ್ಟೆ. ಅಂದು ಅದಕ್ಕಿಂತ ಹೆಚ್ಚು ಹೇಳುವಷ್ಟು ತ್ರಾಣ ಇರಲಿಲ್ಲ. ಈಗ ಹೇಳುತ್ತೇನೆ. ಪುಟ್ಟಿ, ನಿನ್ನ ವಿಷಯವನ್ನೇ ಬರೆಯುತ್ತಿದ್ದರೂ 'ಪುಟ್ಟಿ ಹೀಗೆ ಮಾಡಿದಳು' ಎಂದೇ ಬರೆಯುತ್ತೇನೆ. ನೀನೂ ನಿನ್ನನ್ನು 'ನಾನು' ಎನ್ನುವುದಿಲ್ಲ. 'ಪುಟ್ಟಿಗೆ ನೀರು', 'ಪುಟ್ಟಿಗೆ ಸಾಕು' ಎನ್ನುತ್ತೀಯ. ಹಾಗೇ ಇರಲಿ.

ಪುಟ್ಟಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದಾಗ ನಿಮ್ಮ ತಾತ ಇನ್ನೂ ಇದ್ದರು. ಅದು ಕಾಯಿಲೆಯಲ್ಲ, ಅವಳು ಇರುವುದೇ ಹಾಗೆ, ಅವಳಿಗೆ ಸದ್ದು, ಬೆಳಕು, ಮಾತು ಎಲ್ಲವೂ ಬೇರೆ ಥರ ತಲುಪುತ್ತವೆ ಎಂದು ಡಾಕ್ಟರು ತಾಳ್ಮೆಯಿಂದ ಹೇಳಿದರಂತೆ. ತಾತ ಮನೆಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಇವಳ ಮುಂದೆ ಒಂದು ಹೇಳಿ ಇನ್ನೊಂದು ಮಾಡ್ಬೇಡ." ಆ ಮಾತು ನನಗೆ ಡಾಕ್ಟರ ಮಾತಿಗಿಂತ ಚೆನ್ನಾಗಿ ಅರ್ಥವಾಯಿತು.

ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಸೇರಿಸಿದ್ದು ನಿಮ್ಮ ಅಮ್ಮ. ವಿಜಯನಗರದಲ್ಲಿ, ಒಂದು ದೊಡ್ಡ ಕಟ್ಟಡದ ಕೆಳಗಿನ ಹಾಲಿನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ. ಅಮ್ಮನಿಗೆ ಶನಿವಾರವೂ ಸ್ಕೂಲಿನಲ್ಲಿ ಪಾಠ, ಅದಕ್ಕೇ ಕರೆದುಕೊಂಡು ಹೋಗುವ ಕೆಲಸ ನನ್ನದು. ಚಂದ್ರಾ ಲೇಔಟಿನಿಂದ ಆಟೋದಲ್ಲಿ ಹೋಗುವುದು, ಗೋಡೆ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುವುದು, ಮುಗಿದ ಮೇಲೆ ಕರೆತರುವುದು. ಅಲ್ಲಿ ಮಕ್ಕಳು ಲಾಗ ಹಾಕುತ್ತಾರೆ. ಅದಕ್ಕೆ ರೋಲ್ ಎನ್ನುತ್ತಾರೆ, ನಮ್ಮೂರಲ್ಲಿ ಲಾಗವೇ. ಲಾಗ ಹಾಕಿದ ದಿನ ಪುಟ್ಟಿಯ ಮೈ ಸಮಾಧಾನಕ್ಕೆ ಬರುತ್ತಿತ್ತು. ಮೊದಲೆಲ್ಲ ರಾತ್ರಿ ಗೋಡೆಗೆ ಬೆನ್ನು ಬಡಿಯುತ್ತಾ ಕೂರುತ್ತಿದ್ದವಳು ಕ್ಲಾಸಿಗೆ ಹೋಗಲು ಶುರುಮಾಡಿದ ಮೇಲೆ ನಿದ್ದೆ ಮಾಡತೊಡಗಿದಳು. ಅವಳು ತಾನಾಗಿಯೇ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಲ್ಲುತ್ತಿದ್ದುದು ಆ ಒಂದು ಜಾಗಕ್ಕೆ ಹೋಗಲು ಮಾತ್ರ.

ಕ್ಲಾಸು ಮುಗಿದ ಮೇಲೆ ಮನೆ ಹತ್ತಿರದ ದರ್ಶಿನಿಯಲ್ಲಿ ರವೆ ಇಡ್ಲಿ. ಅದು ಪುಟ್ಟಿಯ ಕಾನೂನು. ಸಂಜೆ ಹೊತ್ತು ಅಲ್ಲಿ ಗಲಾಟೆ, ತಟ್ಟೆ ಸದ್ದು, ಕೂಗಾಟ. ಕೌಂಟರಿನ ಒಳಗೆ ನಿಂತಿರುವವನು ಮಾತೇ ಆಡುವುದಿಲ್ಲ. ಕೇಳಿದ್ದು ಇದ್ದರೆ ಅಂಗೈ ಎತ್ತಿ ಅಲ್ಲಾಡಿಸದೆ ಹಿಡಿಯುತ್ತಾನೆ, ಇದೆ, ತಡೀರಿ ಎಂದು. ಇಲ್ಲದಿದ್ದರೆ ಅದೇ ಕೈಯ ಬೆರಳುಗಳನ್ನು ಬಿಡಿಸಿ ಅತ್ತ ಇತ್ತ ತಿರುಗಿಸುತ್ತಾನೆ. ಖಾಲಿ, ಇಲ್ಲ ಎಂದು. ಮೊದಲ ಸಲ ಅವನು ಹಾಗೆ ಕೈ ತಿರುಗಿಸಿದಾಗ ಪುಟ್ಟಿಗೆ ತಿಳಿಯಲಿಲ್ಲ. ನಿಂತೇ ಇದ್ದಳು. ಹಿಂದಿನವರು ತಳ್ಳಿದರು. ಅವಳು ನೆಲದ ಮೇಲೆ ಕೂತು ಕಿರುಚಿದಳು. ಎಲ್ಲರೂ ತಿಂಡಿ ಬಿಟ್ಟು ನಮ್ಮನ್ನೇ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಆಮೇಲೆ ಎಷ್ಟೋ ದಿನ ಮನೆಯಲ್ಲಿ ನಾನೇ ದರ್ಶಿನಿಯವನಾಗಿ, ಅಡುಗೆಮನೆ ಕಟ್ಟೆಯ ಹಿಂದೆ ನಿಂತು ಅವಳಿಗೆ ಕಲಿಸಿದೆ. "ಕೈ ಸುಮ್ನೆ ನಿಂತ್ರೆ ಇದೆ. ಕಾಯ್ಬೇಕು. ಕೈ ತಿರುಗಿದ್ರೆ ಖಾಲಿ. ಖಾಲಿ ಅಂದ್ರೆ ಅಳಬಾರ್ದು, ಅಜ್ಜಿ ಕೈ ಹಿಡ್ಕೊಂಡು ಮನೆಗೆ ಬರ್ಬೇಕು." ಚಿನ್ನು, ನೀನೂ ಗಿರಾಕಿಯಾಗಿ ಬಂದು, "ಏನ್ ಗುರು, ಒಂದು ಮಸಾಲೆ!" ಎಂದು ಕೂಗುತ್ತಿದ್ದೆ, ನೆನಪಿರಬೇಕು. ಪುಟ್ಟಿ ಕಲಿತಳು. ಒಮ್ಮೆ ಕಲಿತರೆ ಅವಳು ಮರೆಯುವವಳಲ್ಲ.

ಇನ್ನು ಆ ದಿನದ ವಿಷಯ.

ಜಿಮ್ನಾಸ್ಟಿಕ್ಸ್ ಮಕ್ಕಳೆಲ್ಲ ಸೇರಿ ಆಡಿ ತೋರಿಸುವ ದಿನಕ್ಕೆ ಮೀಟ್ ಎನ್ನುತ್ತಾರೆ. ಅದರ ಹಿಂದಿನ ವರ್ಷ ಬೇರೆ ಕಡೆ ನಡೆದ ಮೀಟಿನಲ್ಲಿ ಚಪ್ಪಾಳೆ ಬಿದ್ದ ತಕ್ಷಣ ಪುಟ್ಟಿ ಕಿವಿ ಮುಚ್ಚಿಕೊಂಡು ಬರಿಗಾಲಲ್ಲಿ ರಸ್ತೆಗೆ ಓಡಿದ್ದಳು. ನಿಮ್ಮ ಅಮ್ಮ ಅವಳ ಹಿಂದೆ, ನಾನು ಅಮ್ಮನ ಹಿಂದೆ. ಒಂದು ಬಸ್ಸು ಬ್ರೇಕು ಹಾಕಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಆ ದಿನದಿಂದ ಅಮ್ಮ ಒಳಗೊಳಗೇ ಸೋತುಹೋಗಿದ್ದಳು. ಈ ಸಲದ ಮೀಟಿನ ಹಿಂದಿನ ದಿನ ತರಕಾರಿ ಹೆಚ್ಚುತ್ತಾ ನನಗೆ ಹೇಳಿದಳು.

"ಅಮ್ಮ, ಇದೊಂದ್ಸಲ ನೋಡೋಣ. ನಾಳೆನೂ ಅವಳು ಮ್ಯಾಟ್ ಮೇಲೆ ಹೋಗ್ಲಿಲ್ಲ ಅಂದ್ರೆ ಕ್ಲಾಸ್ ಬಿಡಿಸಿಬಿಡ್ತೀನಿ."

"ರಾತ್ರಿ ನಿದ್ದೆ ಮಾಡ್ತಾಳಲ್ಲೇ, ಅದು?"

"ನಾವು ಮಾಡ್ತಿದೀವಾ? ನಿನ್ನ ಭುಜ ನೋಡ್ಕೋ ಸ್ವಲ್ಪ. ಜಡೆ ಹಾಕ್ಕೊಳಕ್ಕೂ ಆಗ್ತಿಲ್ಲ ನಿಂಗೆ. ಪ್ರತಿ ಶನಿವಾರ ಅವಳನ್ನ ಎಳ್ಕೊಂಡು ಓಡಾಡ್ತೀಯ."

ಅವಳು ಹೇಳಿದ್ದು ನಿಜ. ನನ್ನ ಎಡಭುಜ ಹಿಡಿದುಕೊಂಡಿತ್ತು, ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಒಂದು ಗಳಿಗೆ ಕಾಲು ಚಾಚಿ ಮಲಗಿದರೆ ಹೇಗಿರುತ್ತದೆ ಎಂದು ನನಗೂ ಆಸೆಯಾಗುತ್ತಿತ್ತು. ಆದರೂ ಕ್ಲಾಸು ಬಿಟ್ಟರೆ ಮತ್ತೆ ಆ ರಾತ್ರಿಗಳು, ಗೋಡೆಗೆ ಬೆನ್ನು ಬಡಿಯುವ ಆ ಸದ್ದು. ಪುಟ್ಟಿಗಂತೂ ಈ ಮಾತು ಯಾವುದೂ ಗೊತ್ತಿಲ್ಲ. ಹಾಲಿನಲ್ಲಿ ಚಾಪೆ ಹಾಸಿಕೊಂಡು ಲಾಗ ಹಾಕುತ್ತಿದ್ದಳು.

ಮರುದಿನ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆವು. ಪುಟ್ಟಿ ಪ್ರತಿ ನಿಲ್ದಾಣದ ಹೆಸರನ್ನೂ ರೈಲಿನ ಹೆಂಗಸಿನ ಧ್ವನಿಯಲ್ಲೇ ಅವಳಿಗಿಂತ ಮೊದಲು ಹೇಳಿದಳು. ನಿಮ್ಮ ಅಮ್ಮ ಕಂಬಿಗೆ ಹಣೆ ಆನಿಸಿ ನಿಂತೇ ನಿದ್ದೆ ಮಾಡಿದಳು. ಕೆಂಗೇರಿಯಲ್ಲಿ ಇಳಿದು ಆಟೋ ಹಿಡಿದು ಹಾಲಿಗೆ ಹೋದಾಗ ಒಳಗೆ ಮೈಕಿನಲ್ಲಿ ಯಾರೋ ಮಾತಾಡುತ್ತಿದ್ದರು. ಮೈಕು ನಿಲ್ಲುವವರೆಗೆ ಪುಟ್ಟಿ ಒಳಗೆ ಕಾಲಿಡಲಿಲ್ಲ. ನಾವು ಹೊರಗಡೆ ಚಪ್ಪಲಿ ಗೂಡಿನ ಬಳಿ ಕಾದೆವು. ಆ ಮೈಕಿನಲ್ಲಿ ಏನು ಹೇಳಿದರು ಎಂದು ನನಗೆ ಗೊತ್ತಾಗಲಿಲ್ಲ. ಎಲ್ಲ ಫಜೀತಿಗೂ ಅದೇ ಕಾರಣ.

ಒಳಗೆ ಹೋದರೆ ಚೆನ್ನಾಗಿತ್ತು. ಕಣ್ಣು ಕುಕ್ಕುವ ದೀಪಗಳನ್ನು ಆರಿಸಿದ್ದರು. ಒಂದು ಮೂಲೆಯಲ್ಲಿ ಬಟ್ಟೆಯ ಡೇರೆ ಹಾಕಿ, ಬೇಸರವಾದ ಮಕ್ಕಳು ಒಳಗೆ ಹೋಗಿ ಕೂರಲಿ ಎಂದು ದಿಂಬು ಇಟ್ಟಿದ್ದರು. ನಂಬರು ಕೊಡುವವರಿಲ್ಲ, ಮೊದಲನೆಯವರು ಎರಡನೆಯವರು ಎಂಬುದಿಲ್ಲ. ಪುಟ್ಟಿಯಂಥ ಮಕ್ಕಳು, ಅವರ ಅಣ್ಣ ತಮ್ಮಂದಿರು, ಸುಮ್ಮನೆ ಆಟ ಕಲಿಯಲು ಬರುವ ಮಕ್ಕಳು ಎಲ್ಲ ಕಲೆತಿದ್ದರು. ನಾನು ಕಂಬದ ಹಿಂದಿನ ಕುರ್ಚಿ ಹುಡುಕಿ ಕೂತೆ. ತಾತ ಹೋದ ಮೇಲೆ ಮದುವೆಮನೆಗಳಲ್ಲಿ ಆರತಿ ತಟ್ಟೆ ಹಿಡಿದವರಿಗೆ ನನ್ನ ಮುಂದೆ ಬಂದು ಮುಜುಗರವಾಗದಿರಲಿ ಎಂದು ಕಂಬದ ಹಿಂದೆ ಕೂರುವುದು ಅಭ್ಯಾಸವಾಗಿದೆ. ಇಲ್ಲಿ ಆರತಿ ಏನೂ ಇರಲಿಲ್ಲ, ಆದರೂ ಕಾಲು ಅತ್ತಲೇ ಹೋಯಿತು.

ಪಕ್ಕದಲ್ಲಿ ನನ್ನ ವಯಸ್ಸಿನ ಯಜಮಾನರೊಬ್ಬರು ಮೊಮ್ಮಗನ ಶೂ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಮೊಮ್ಮಗಳೇನಮ್ಮ?" ಎಂದರು.

ಹೌದೆಂದು ತಲೆಯಾಡಿಸಿದೆ.

"ನಮ್ಮೋನು ಹೋದ್ಸಲ ಮ್ಯಾಟ್ ಮೇಲೆ ಹೋಗಿ ಮಲ್ಕೊಂಡೇ ಬಿಟ್ಟ. ಎಲ್ರೂ ಎಬ್ಬಿಸ್ತಾವ್ರೆ, ಏಳಂಗಿಲ್ಲ. ನನಗೆ ಸಿಟ್ಟು ಬರ್ಲಿಲ್ಲ ಕಣಮ್ಮ. ನಾನೂ ಹೋಗಿ ಪಕ್ಕದಲ್ಲಿ ಮಲ್ಕೊಂಡ್ಬಿಡೋಣ ಅನ್ನಿಸ್ತು."

ನನಗೆ ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದೆ.

ಮೊದಲಿಗೆ ಒಬ್ಬ ಪುಟಾಣಿ ಹುಡುಗಿ ಮಿಸ್ಸಿನ ಬೆರಳು ಹಿಡಿದು ಗಿಡ್ಡ ತೊಲೆಯ ಮೇಲೆ ನಡೆದಳು. ನಾನು ಬಗ್ಗಿ ಚೀಲದಲ್ಲಿ ನೀರಿನ ಬಾಟಲಿ ಹುಡುಕುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಹುಡುಗಿ ತೊಲೆಯಿಂದ ಇಳಿದಾಗಿತ್ತು. ಹಾಲಿನಲ್ಲಿ ಸದ್ದೇ ಇರಲಿಲ್ಲ. ಪುಟ್ಟಿ ನನ್ನ ಎದುರು ನಿಂತು ನನ್ನ ಕೈ ಹಿಡಿದಿದ್ದಳು.

"ಖಾಲಿ," ಎಂದಳು.

"ಏನಮ್ಮ ಖಾಲಿ?"

"ಖಾಲಿ. ಮನೆಗೆ."

ಅಳಲಿಲ್ಲ, ಕಿರುಚಲಿಲ್ಲ. ನನ್ನನ್ನು ಎಬ್ಬಿಸಿ ನೇರವಾಗಿ ಹೊರಗಿನ ಚಪ್ಪಲಿ ಗೂಡಿನ ಬಳಿ ಕರೆತಂದು, ಕೂತು ಶೂ ಹಾಕಿಕೊಳ್ಳತೊಡಗಿದಳು. ಅಮ್ಮ ಓಡಿಬಂದಳು. ಕಾಲೇಜು ಹುಡುಗಿಯೊಬ್ಬಳು, ಅಲ್ಲಿ ಸಹಾಯಕ್ಕೆ ಬಂದವಳು, ಅವಳೂ ಬಂದಳು.

"ಏನಂತಿದಾಳೆ ಆಂಟಿ?"

"ಖಾಲಿ ಅಂತಿದಾಳೆ."

"ಓ, ಹೊಟ್ಟೆ ಖಾಲಿನಾ! ಪಾಪ!" ಎಂದು ಹುಡುಗಿ ಹೋಗಿ ಬಾಳೆಹಣ್ಣು ತಂದಳು. ಪುಟ್ಟಿ ಅದನ್ನು ತೆಗೆದುಕೊಂಡು ಜೋಪಾನವಾಗಿ ನನ್ನ ಚೀಲಕ್ಕೆ ಹಾಕಿ, ಮತ್ತೆ, "ಖಾಲಿ" ಎಂದಳು. ಹುಡುಗಿ ಇನ್ನೊಂದು ತಂದಳು. ಅದೂ ಚೀಲಕ್ಕೆ ಹೋಯಿತು.

ಒಳಗೆ ಪುಟ್ಟಿಯ ಹೆಸರು ಕರೆದರು. ಪುಟ್ಟಿ ಶೂ ದಾರ ಬಿಗಿದಳು. ಅವಳ ಮಿಸ್ಸು ಹೊರಗೆ ಬಂದು ಮಂಡಿಯೂರಿ ಕೂತು, "ಪರ್ವಾಗಿಲ್ಲ ಕಣೇ ಬಂಗಾರ. ಯಾವಾಗ ಬೇಕೋ ಆವಾಗ ಬಾ. ಕೊನೇಲಿ ಮಾಡೋಣ, ನಾವು ಕಾಯ್ತೀವಿ" ಎಂದರು. ಪುಟ್ಟಿ ಅವರ ಭುಜದಾಚೆ ಗೇಟನ್ನು ನೋಡುತ್ತಿದ್ದಳು.

ಅಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಒಳ್ಳೆ ಸೀರೆ ಉಟ್ಟು ಬಂದಿದ್ದವಳು, ಚಪ್ಪಲಿ ಧೂಳಿನ ಮೇಲೆಯೇ.

"ಸಾಕಮ್ಮ," ಎಂದಳು. "ಇಷ್ಟೆಲ್ಲಾ ಮಾಡಿದಾರೆ ಪಾಪ ಇವ್ರು. ದೀಪ ಆರ್ಸಿದಾರೆ, ಸೌಂಡ್ ಇಲ್ಲ, ಚಪ್ಪಾಳೆನೂ ಇಲ್ಲ. ಇನ್ನೇನ್ ಮಾಡ್ಬೇಕು ಹೇಳು? ಮನೆಗೆ ಹೋಗೋಣ. ಸೋಮವಾರ ಫೋನ್ ಮಾಡಿ ಕ್ಲಾಸ್ ಬೇಡ ಅಂತೀನಿ."

ನಾನು ಬಾಗಿಲಿಗೆ ಒರಗಿ ಒಳಗೆ ನೋಡುತ್ತಾ ನಿಂತೆ. ಪಕ್ಕದಲ್ಲಿ ಕೂತಿದ್ದ ಯಜಮಾನರ ಮೊಮ್ಮಗನ ಸರದಿ ನಡೆಯುತ್ತಿತ್ತು. ಈ ಸಲ ಅವನು ಮಲಗಲಿಲ್ಲ. ಒಂದು ಲಾಗ ಹಾಕಿ ಎದ್ದು ನಿಂತ. ಆಗ ಅಷ್ಟೂ ಜನ, ಅಪ್ಪಂದಿರು, ಅಮ್ಮಂದಿರು, ಮಿಸ್ಸುಗಳು, ಆ ಯಜಮಾನರೂ ಸೇರಿ, ಸದ್ದಿಲ್ಲದೆ ಕೈ ಮೇಲೆತ್ತಿದರು. ಬೆರಳು ಬಿಡಿಸಿದರು. ಅತ್ತ ಇತ್ತ ತಿರುಗಿಸಿದರು.

ಹಾಲಿನ ತುಂಬ ದರ್ಶಿನಿಯವನ ಕೈ.

"ಅಯ್ಯೋ, ಇಲ್ನೋಡೇ!" ಎಂದು ನಿಮ್ಮ ಅಮ್ಮನನ್ನು ಎಬ್ಬಿಸಿದೆ. "ಅವ್ರೆಲ್ಲ ಯಾಕೆ ಕೈ ಹಂಗೆ ತಿರುಗಿಸ್ತಿದಾರೆ?"

"ಅದಾ? ಚಪ್ಪಾಳೆ ಬದ್ಲು ಅಮ್ಮ. ಸೌಂಡ್ ಆಗ್ಬಾರ್ದು ಅಂತ. ಶಹಬ್ಬಾಸ್ ಅಂತ ಅರ್ಥ. ಸರ್ಕ್ಯುಲರಲ್ಲಿ ಬರ್ದಿತ್ತು. ಮೈಕಲ್ಲೂ ಅದನ್ನೇ ಹೇಳಿರ್ಬೇಕು."

"ಅವಳಿಗೆ ಅದು ಶಹಬ್ಬಾಸ್ ಅಲ್ಲ ಕಣೇ. ಅದು ಖಾಲಿ. ರವೆ ಇಡ್ಲಿ ಖಾಲಿ!"

ಅಮ್ಮ ನನ್ನ ಮುಖ ನೋಡಿದಳು. ಒಳಗೆ ನೋಡಿದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವಳು ನಕ್ಕಳೋ ಅತ್ತಳೋ ಈಗಲೂ ನನಗೆ ತಿಳಿಯದು. ಎಲ್ಲ ಸೇರಿ ಇಲ್ಲ, ಇಲ್ಲ, ಇನ್ನೇನೂ ಇಲ್ಲ ಎನ್ನುತ್ತಿದ್ದರೆ ಮಗು ಏನು ಮಾಡಬೇಕು? ಅಜ್ಜಿ ಕಲಿಸಿದ್ದನ್ನೇ ಮಾಡಿದ್ದಾಳೆ. ಅಳದೆ, ಅಜ್ಜಿಯ ಕೈ ಹಿಡಿದು, ಮನೆಗೆ ಹೊರಟಿದ್ದಾಳೆ.

ಮಿಸ್ಸಿಗೆ ಹೇಳಬೇಕಿತ್ತು. ಹೇಳಬೇಕಾದವಳು ನಾನು. ಅವರ ಹತ್ತಿರ ಹೋಗಿ ನಿಂತೆ. "ಮಿಸ್, ಆ ಕೈ..." ಎಂದೆ. "ಹೇಳಿ ಅಜ್ಜಿ" ಎಂದರು. ದರ್ಶಿನಿ ಎಂದೆ, ರವೆ ಇಡ್ಲಿ ಎಂದೆ, ತಲೆಬುಡ ಸೇರಲಿಲ್ಲ. ಕೊನೆಗೆ ಮಾತು ಬಿಟ್ಟು ಕೈಯನ್ನೇ ತಿರುಗಿಸಿ ತೋರಿಸಿದೆ. "ಅಂಗಡಿಗೆ ಹೋಗಿ ಹಾಲು ಕೇಳ್ತೀರಿ, ಅವ್ನು ಹಿಂಗಂದ್ರೆ ಏನು ಮಿಸ್?"

ಅವರು ಒಂದು ಕ್ಷಣ ನನ್ನ ಕೈ ನೋಡಿದರು. "ಇಲ್ಲ ಅಂತ," ಎಂದರು. ಆಮೇಲೆ, "ಅಯ್ಯೋ ರಾಮ!" ಎಂದರು. "ಈಗ ಏನ್ ಮಾಡೋಣ ಅಜ್ಜಿ?"

"ತಿರುಗಿಸಬಾರ್ದು ಅಷ್ಟೇ. ಸುಮ್ನೆ ಎತ್ತಿ ಹಿಡೀಬೇಕು. ಹಂಗೆ ಹಿಡಿದ್ರೆ ಇದೆ ಅಂತ."

"ಬನ್ನಿ, ಮೈಕಲ್ಲಿ ನೀವೇ ಹೇಳಿ."

"ಬೇಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ನಕ್ಕು ತಾವೇ ಹೋದರು. ಮೈಕು ಹಿಡಿಯಲಿಲ್ಲ. ಸಾಲು ಸಾಲಿಗೂ ಹೋಗಿ ಮೆಲ್ಲಗೆ ಹೇಳಿದರು. ಜನ ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು ನಗುತ್ತಿದ್ದರು. "ಹೌದಲ್ವಾ! ನಾವು ಆಗ್ಲಿಂದ ಮಕ್ಕಳಿಗೆಲ್ಲ ಇಲ್ಲ ಇಲ್ಲ ಅಂತಿದೀವಲ್ಲ!" ಎಂದು ಒಬ್ಬ ಹೆಂಗಸು ಹಣೆ ಚಚ್ಚಿಕೊಂಡಳು.

ನಾನು ಚಪ್ಪಲಿ ಗೂಡಿನ ಬಳಿ ಪುಟ್ಟಿಯ ಪಕ್ಕ ಕೂತೆ. ಮಂಡಿ ಲಟಲಟ ಎಂದಿತು.

"ಪುಟ್ಟಿ, ಎಲ್ರೂ ಮತ್ತೆ ಕೈ ತೋರಿಸ್ತಾರಂತೆ. ನೋಡೋಣ್ವಾ?"

ಬಾಗಿಲವರೆಗೆ ಬಂದಳು, ಶೂ ಬಿಚ್ಚಲಿಲ್ಲ. ಒಳಗೆ ಎಲ್ಲರೂ ಕೈ ಎತ್ತಿ ಹಿಡಿದಿದ್ದರು. ಅಲುಗಾಟವಿಲ್ಲ. ಪುಟ್ಟಿ ಒಂದೊಂದು ಕೈಯನ್ನೂ ನೋಡಿದಳು. ಹಿಂದಿನ ಸಾಲಿನಲ್ಲಿ ಯಾರೋ ಮರೆತು ತಿರುಗಿಸಿದರು. ಪಕ್ಕದವರು ಆ ಕೈಯನ್ನು ಗಪ್ಪನೆ ಹಿಡಿದರು. ಪುಟ್ಟಿಗೆ ನಂಬಿಕೆ ಬರಲಿಲ್ಲ. ನಂಬುವುದಾದರೂ ಹೇಗೆ? ಈಗಷ್ಟೇ ಇಲ್ಲ ಎಂದಿದ್ದವರು. ನನ್ನ ಕಡೆ ತಿರುಗಿದಳು.

"ಅಜ್ಜಿ?"

ಊರಿನ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ಒಂದು ದಿನವೂ ಕೈ ಎತ್ತಿದವಳಲ್ಲ ನಾನು. ಅಷ್ಟು ಜನರ ಮುಂದೆ, ಬಾಗಿಲ ನಡುವೆ ನಿಂತು ಬಲಗೈ ಎತ್ತಿದೆ. ಕಿವಿ ಬಿಸಿಯಾಯಿತು.

"ಎರಡೂ," ಎಂದಳು ಪುಟ್ಟಿ.

ಅವಳು ಹೇಳಿದ್ದು ಸರಿಯೇ. ಜಿಮ್ನಾಸ್ಟಿಕ್ಸಿನಲ್ಲಿ ಶುರು ಮಾಡುವಾಗ ಎರಡೂ ಕೈ ಎತ್ತಬೇಕು. ಮಿಸ್ಸು ಹಾಗೇ ಕಲಿಸಿದ್ದಾರೆ. ಎಡಗೈ ಎತ್ತಿದೆ. ಎದೆಯವರೆಗೆ ಬಂದು ನಿಂತಿತು. ಇನ್ನೂ ಎತ್ತಿದೆ. ಭುಜದಲ್ಲಿ ಕೊಳ್ಳಿ ಇಟ್ಟಂತಾಯಿತು, ಕಣ್ಣಲ್ಲಿ ನೀರು ಬಂತು.

"ಎರಡೂ ಅಜ್ಜಿ."

"ಆಗಲ್ಲ ಕಣಮ್ಮ..." ಎನ್ನುವಷ್ಟರಲ್ಲಿ ಹಿಂದಿನಿಂದ ನಿಮ್ಮ ಅಮ್ಮ ಬಂದಳು. ನನ್ನ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟು, ಮಗುವನ್ನು ಎತ್ತುವಂತೆ ಮೆಲ್ಲಗೆ ಮೇಲಕ್ಕೆ ಒತ್ತಿದಳು. ನೋಯದಂತೆ ನಿಲ್ಲಿಸಿ ನಿಲ್ಲಿಸಿ ಒತ್ತಿದಳು. ಕೈ ತಲೆಯ ಮಟ್ಟಕ್ಕೆ ಬಂತು. ಅವಳು ಕೆಳಗಿನಿಂದ ಹಿಡಿದೇ ಇದ್ದಳು.

ಪುಟ್ಟಿ ನನ್ನ ಎರಡೂ ಕೈ ನೋಡಿದಳು. "ಇದೆ," ಎಂದಳು. ಕೂತು ಶೂ ಬಿಚ್ಚಿದಳು.

ಚಿನ್ನು, ಅವಳು ಏನು ಮಾಡಿದಳು ಎಂದು ಕೇಳಿದ್ದೆಯಲ್ಲ. ಮ್ಯಾಟಿನ ಅಂಚಿಗೆ ಹೋಗಿ ಎರಡೂ ಕೈ ಎತ್ತಿದಳು. ಒಂದು ಲಾಗ ಹಾಕಿದಳು. ಇನ್ನೊಂದು ಹಾಕಿದಳು, ಅದು ಸ್ವಲ್ಪ ಸೊಟ್ಟಗಾಯಿತು. ಒಂಟಿಕಾಲಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅದರ ಬದಲು ಮ್ಯಾಟಿನ ಮೇಲೆ ಕೂತು ಅದರ ಹೊಲಿಗೆಯ ಮೇಲೆ ಬೆರಳಾಡಿಸಿದಳು, ತುಂಬ ಹೊತ್ತು. ಯಾರೂ ಅವಸರ ಮಾಡಲಿಲ್ಲ. ಮಿಸ್ಸು ದೂರದಲ್ಲಿ ತಾವೂ ಸುಮ್ಮನೆ ಕೂತರು. ಆಮೇಲೆ ಎದ್ದು, ಕೈಯೂರಿ ಮೈಯನ್ನು ಚಕ್ರದಂತೆ ಉರುಳಿಸಿ ಆಚೆ ನಿಂತಳು. ಅದನ್ನು ಅವಳು ಕ್ಲಾಸಿನಲ್ಲಿ ಒಂದು ದಿನವೂ ಪೂರ್ತಿ ಮಾಡಿರಲಿಲ್ಲವಂತೆ. ಮಿಸ್ಸು ಎದ್ದು ನಿಂತುಬಿಟ್ಟರು. ಪುಟ್ಟಿ ಎರಡೂ ಕೈ ಎತ್ತಿದಳು. ಹಾಲಿನಲ್ಲಿದ್ದವರೂ ಎತ್ತಿದರು. ಪಕ್ಕದ ಯಜಮಾನರು ಮೊಮ್ಮಗನ ಶೂಗಳನ್ನೇ ಎತ್ತಿ ಹಿಡಿದಿದ್ದರು.

ನನಗೆ ಸಂತೋಷವಾಯಿತು ಎಂದು ಬರೆಯಬೇಕು. ಆಯಿತು ಕೂಡ. ಆದರೆ ಆಗ ನನಗೆ ಬೇಕೆನಿಸಿದ್ದು ಒಂದು ಕುರ್ಚಿ ಮಾತ್ರ.

ಎಲ್ಲ ಮಕ್ಕಳಿಗೂ ಪದಕ ಕೊಟ್ಟರು. ಪುಟ್ಟಿಗೆ ರಿಬ್ಬನ್ನು ಕುತ್ತಿಗೆಗೆ ತಗುಲಿದರೆ ಆಗದು. ಅದನ್ನೂ ಬಾಳೆಹಣ್ಣಿನ ಜೊತೆ ನನ್ನ ಚೀಲಕ್ಕೆ ಹಾಕಿದಳು. ವಾಪಸು ಬರುವಾಗ ಮೆಟ್ರೋದಲ್ಲಿ ಕೂರಲು ಜಾಗ ಸಿಕ್ಕಿತು. ಪುಟ್ಟಿ ಕಿಟಕಿ ಕಡೆ ತಿರುಗಿ ನಿಲ್ದಾಣಗಳನ್ನು ಕರೆಯುತ್ತಿದ್ದಳು. ನಿಮ್ಮ ಅಮ್ಮ ನನ್ನ ನೋಯುವ ಭುಜದ ಮೇಲೆ ತಲೆಯಿಟ್ಟಳು. ನೋವಾಯಿತು, ಹೇಳಲಿಲ್ಲ. ನಿದ್ದೆ ಹೋದಳು ಎಂದುಕೊಂಡಿದ್ದೆ.

"ಶನಿವಾರ ಕ್ಲಾಸ್ ಇದೆಯಾ?" ಎಂದಳು, ಕಣ್ಣು ಮುಚ್ಚಿಕೊಂಡೇ.

"ಇದೆ," ಎಂದೆ.

ಹೀಗೆ ನನ್ನ ಶನಿವಾರದ ನಿದ್ದೆ ಹೋಯಿತು. ಈಗಲೂ ಹೋಗುತ್ತಿದ್ದೇವೆ. ಕಲ್ಲುಬೆಂಚಿನ ಮೇಲೆ ಕೂತು ತೂಕಡಿಸುತ್ತೇನೆ. ಮಂಡಿ, ಭುಜ ಎಲ್ಲ ಹಾಗೇ ಇವೆ. ಮುಂದಿನ ಮೀಟಿಗೆ ನನಗೆ ಬರಲಾಗುತ್ತದೋ ಇಲ್ಲವೋ. ಅದಕ್ಕೇ ಇದನ್ನು ಬರೆದದ್ದು.

ಚಿನ್ನು, ಅಕ್ಕನ ಮಾತುಗಳು ಕೆಲವೇ. ಅವು ಎಲ್ಲೆಲ್ಲಿ ಹುಟ್ಟಿದವು ಎಂದು ಬಲ್ಲವಳು ನಾನೊಬ್ಬಳೇ ಆಗಿಬಿಟ್ಟಿದ್ದೇನೆ. ಅವಳು ಖಾಲಿ ಎಂದಾಗ ಬಾಳೆಹಣ್ಣು ಕೊಡಬೇಡ. ಯಾರು ಕೈ ತಿರುಗಿಸಿದರು ಎಂದು ಸುತ್ತ ನೋಡು. ಅವಳ ಉಳಿದ ಮಾತುಗಳನ್ನೂ ಆದಷ್ಟು ಬರೆದು ಇದರ ಹಿಂದೆ ಸೇರಿಸುತ್ತೇನೆ. ಪುಟ್ಟಿ, ನಿನ್ನ ಪದಕ ಗೋದ್ರೆಜ್ ಬೀರುವಿನಲ್ಲಿ, ನನ್ನ ಉಣ್ಣೆ ಶಾಲಿನ ಮಡಿಕೆಯಲ್ಲಿದೆ. ಈ ಹಾಳೆಗಳನ್ನೂ ಅಲ್ಲೇ ಇಡುತ್ತೇನೆ. ಮನೆ ಬದಲಾಯಿಸುವಾಗ ಶಾಲು ಹಳೆಯದೆಂದು ಯಾರಿಗಾದರೂ ಕೊಟ್ಟರೂ ಕೊಡಿ, ಒಳಗಿನ ಹಾಳೆಗಳನ್ನು ಮಾತ್ರ ತೆಗೆದು ನಿಮ್ಮ ಹತ್ತಿರ ಜೋಪಾನವಾಗಿ ಇಟ್ಟುಕೊಳ್ಳಿ.